ಪಾಲಿಕೆಯ ಹಿತಾಸಕ್ತಿ ಸಂಘರ್ಷ ನಿಯಮಗಳನ್ನು ಐದು ವರ್ಷಕ್ಕೊಮ್ಮೆ ಏಕೆ ತೆರೆದು ನೋಡಬೇಕು

(ನಗರಾಡಳಿತದಲ್ಲಿ ಆಸಕ್ತಿಯಿರುವ ನಾಗರಿಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಆಯಾ ಜಾಗದಲ್ಲೇ ಸೇರಿಸಲಾಗಿದೆ.)

ಸಭಿಕರೆಲ್ಲರಿಗೂ ನಮಸ್ಕಾರ.

ಲಂಚ ತೆಗೆದುಕೊಂಡವರನ್ನು ಹಿಡಿಯಲು ನಮ್ಮಲ್ಲಿ ಪ್ರತ್ಯೇಕ ಕಾನೂನು ಇದೆ, ಲೋಕಾಯುಕ್ತವಿದೆ, ನ್ಯಾಯಾಲಯಗಳಿವೆ. ಹಿತಾಸಕ್ತಿ ಸಂಘರ್ಷದ ನಿಯಮ ಅದಕ್ಕಿಂತ ಒಂದು ಹೆಜ್ಜೆ ಹಿಂದೆಯೇ ಕೆಲಸ ಮಾಡಬೇಕಾದದ್ದು. ಪಾಲಿಕೆಯ ಸದಸ್ಯರೊಬ್ಬರು ಯಾವುದೇ ತಪ್ಪು ಮಾಡುವುದಕ್ಕೆ ಮೊದಲೇ, ಅವರ ಸ್ವಂತ ಲಾಭವೂ ಊರಿನ ಲಾಭವೂ ಒಂದೇ ಕಡತದಲ್ಲಿ ಎದುರುಬದುರಾಗಿ ನಿಂತಿವೆ ಎಂಬುದನ್ನು ಗುರುತಿಸಿ, ಆ ಕಡತದಿಂದ ಅವರನ್ನು ದೂರವಿಡುವುದು ಅದರ ಉದ್ದೇಶ. ಲಂಚದ ಸ್ವರೂಪ ಕಾಲದಿಂದ ಕಾಲಕ್ಕೆ ಅಷ್ಟಾಗಿ ಬದಲಾಗುವುದಿಲ್ಲ. ನಗರವೊಂದು ತನ್ನ ವ್ಯವಹಾರವನ್ನು ನಡೆಸುವ ರೀತಿ ಮಾತ್ರ ಪ್ರತಿ ಹತ್ತು ಹದಿನೈದು ವರ್ಷಕ್ಕೊಮ್ಮೆ ಬದಲಾಗುತ್ತಲೇ ಇರುತ್ತದೆ. ಆದ್ದರಿಂದ ಲಂಚದ ಕಾನೂನು ಹಳೆಯದಾದರೂ ಹೇಗೋ ನಡೆಯುತ್ತದೆ, ಹಿತಾಸಕ್ತಿಯ ನಿಯಮ ಹಳೆಯದಾದರೆ ಅದರ ಪಕ್ಕದಲ್ಲೇ ಎಲ್ಲರೂ ಕಾನೂನುಬದ್ಧವಾಗಿ ನಡೆದು ಹೋಗಬಹುದು.

ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ, ದಾವಣಗೆರೆಯಂಥ ನಗರಗಳ ಆಡಳಿತ ನಡೆಯುವುದು 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯ ಪ್ರಕಾರ. ವಾಡಿಕೆಯಲ್ಲಿ ಇದನ್ನು ಕೆಎಂಸಿ ಕಾಯ್ದೆ ಎನ್ನುತ್ತೇವೆ. ಇದರ 26ನೇ ಕಲಂ ಯಾರು ಕಾರ್ಪೊರೇಟರ್ ಆಗುವಂತಿಲ್ಲ ಎಂಬ ಪಟ್ಟಿಯನ್ನು ಕೊಡುತ್ತದೆ. ಆ ಪಟ್ಟಿಯಲ್ಲಿ ನಮಗೆ ಸಂಬಂಧಿಸಿದ ಭಾಗದ ಸಾರಾಂಶ ಇಷ್ಟು: ಪಾಲಿಕೆಯ ಕೆಲಸದಲ್ಲಾಗಲಿ, ಪಾಲಿಕೆಯೊಡನೆ ಅಥವಾ ಪಾಲಿಕೆಯ ಪರವಾಗಿ ಮಾಡಿಕೊಂಡ ಗುತ್ತಿಗೆಯಲ್ಲಾಗಲಿ, ನೇರವಾಗಿ ಅಥವಾ ಪರೋಕ್ಷವಾಗಿ, ತಾನಾಗಿ ಅಥವಾ ತನ್ನ ಪಾಲುದಾರನ ಮೂಲಕ, ಪಾಲು ಅಥವಾ ಹಿತಾಸಕ್ತಿ ಇಟ್ಟುಕೊಂಡವರು ಸದಸ್ಯರಾಗಲು ಅನರ್ಹರು.

ಓದಲು ಬಿಗಿಯಾಗಿಯೇ ಇದೆ. ಆದರೆ ಈ ಸಾಲು 1976ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದಲ್ಲ. 1888ರ ಮುಂಬೈ ಪಾಲಿಕೆ ಕಾಯ್ದೆಯ 16ನೇ ಕಲಂನಲ್ಲಿ ಹೆಚ್ಚುಕಡಿಮೆ ಇದೇ ಪದಗಳಿವೆ. ಅದಕ್ಕೂ ಹಿಂದೆ, ಇಂಗ್ಲೆಂಡಿನ 1882ರ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯಲ್ಲಿವೆ, ಇನ್ನೂ ಹಿಂದೆ ಹೋದರೆ 1835ರ ಕಾಯ್ದೆಯ 28ನೇ ಕಲಂನಲ್ಲಿ ಸಿಗುತ್ತವೆ. ರೈಲು ಆಗಷ್ಟೇ ಓಡಲು ಶುರುವಾಗಿದ್ದ ಕಾಲದ ಇಂಗ್ಲೆಂಡಿನ ಪಟ್ಟಣಗಳಲ್ಲಿ, ಪುರಸಭೆಯ ಸದಸ್ಯನಾದ ಇಟ್ಟಿಗೆ ವ್ಯಾಪಾರಿ ತನ್ನ ಇಟ್ಟಿಗೆಯನ್ನೇ ಪುರಸಭೆಗೆ ಮಾರಿಕೊಳ್ಳುತ್ತಿದ್ದ ಪರಿಸ್ಥಿತಿಗೆ ಬರೆದ ಮದ್ದು ಇದು. ಆ ಪಟ್ಟಣಕ್ಕೆ ಅದು ಸರಿಯಾದ ಮದ್ದೇ ಆಗಿತ್ತು. ಅಲ್ಲಿ ಲಾಭವೆಂದರೆ ಗುತ್ತಿಗೆ, ಗುತ್ತಿಗೆಯೆಂದರೆ ಪುರಸಭೆಯ ಸಹಿ, ಜೊತೆಗಾರನೆಂದರೆ ಅಂಗಡಿಯ ಪಾಲುದಾರ.

ಈಗ ನಮ್ಮದೇ ರಾಜ್ಯದ ಪ್ರಕರಣವೊಂದಕ್ಕೆ ಬರೋಣ. 2025ರ ಫೆಬ್ರವರಿಯಲ್ಲಿ ಬೆಳಗಾವಿಯ ಪ್ರಾದೇಶಿಕ ಆಯುಕ್ತರು ಅಲ್ಲಿನ ಮಹಾನಗರ ಪಾಲಿಕೆಯ ಇಬ್ಬರು ಸದಸ್ಯರನ್ನು ಅನರ್ಹಗೊಳಿಸಿ ಆದೇಶ ಹೊರಡಿಸಿದರು. ತಿನಿಸು ಕಟ್ಟೆ ಎಂಬ ಮಳಿಗೆ ಸಮುಚ್ಚಯದಲ್ಲಿ ಆ ಸದಸ್ಯರ ಪತ್ನಿಯರ ಹೆಸರಿನಲ್ಲಿ ಮಳಿಗೆಗಳಿದ್ದವು ಎಂಬುದು ದೂರಿನ ತಿರುಳು. ಸದಸ್ಯರು ಉಚ್ಚ ನ್ಯಾಯಾಲಯಕ್ಕೆ ಹೋದರು, ಆದೇಶಕ್ಕೆ ತಡೆ ಸಿಕ್ಕಿತು, ಮಾರ್ಚ್ ತಿಂಗಳಲ್ಲಿ ಅವರಲ್ಲೊಬ್ಬರು ಮೇಯರ್ ಆಗಿ ಆಯ್ಕೆಯಾದರು. ಪ್ರಕರಣದ ತಪ್ಪು ಒಪ್ಪುಗಳನ್ನು ತೀರ್ಮಾನಿಸುವುದು ನನ್ನ ಕೆಲಸವಲ್ಲ, ಆ ಕಾರಣಕ್ಕೇ ಹೆಸರುಗಳನ್ನೂ ಹೇಳುತ್ತಿಲ್ಲ. ನಾನು ನೋಡುತ್ತಿರುವುದು ನಿಯಮದ ಕಡೆಗೆ.

ನಿಯಮದಲ್ಲಿ ಪಾಲುದಾರ ಎಂಬ ಪದವಿದೆ, ಅದರ ಅರ್ಥ ವ್ಯಾಪಾರದ ಪಾಲುದಾರ. ಹೆಂಡತಿ ಅಥವಾ ಗಂಡ ಎಂಬ ಪದವಿಲ್ಲ, ಮಕ್ಕಳು ಎಂಬ ಪದವಿಲ್ಲ. ಪತ್ನಿಯ ಮಳಿಗೆ ಪತಿಯ ಪರೋಕ್ಷ ಹಿತಾಸಕ್ತಿಯೇ? ಒಂದೇ ಮನೆ, ಒಂದೇ ಅಡುಗೆ, ಒಂದೇ ಸಂಸಾರ ಎಂದು ಸಾಮಾನ್ಯ ಬುದ್ಧಿ ಹೌದೆನ್ನುತ್ತದೆ. ಆದರೆ ವಿವಾಹಿತ ಮಹಿಳೆಗೆ ತನ್ನದೇ ಆಸ್ತಿ, ತನ್ನದೇ ವ್ಯಾಪಾರ, ತನ್ನದೇ ತೆರಿಗೆ ಲೆಕ್ಕ ಇರಬಹುದಾದ ಇಂದಿನ ಕಾನೂನಿನಲ್ಲಿ, ಅವಳ ವ್ಯಾಪಾರವನ್ನು ಅವನದ್ದೆಂದು ಭಾವಿಸಿಬಿಡುವುದೂ ಅಷ್ಟು ಸುಲಭವಲ್ಲ. ಶಾಸನ ಎರಡು ಪದಗಳಲ್ಲಿ ಹೇಳಿಬಿಡಬಹುದಾಗಿದ್ದ ಸಂಗತಿಯನ್ನು, ಅದು ಹೇಳದೆ ಬಿಟ್ಟ ಕಾರಣ, ಪ್ರಾದೇಶಿಕ ಆಯುಕ್ತರು, ಸರ್ಕಾರ ಮತ್ತು ಉಚ್ಚ ನ್ಯಾಯಾಲಯ ಪ್ರತಿ ಪ್ರಕರಣದಲ್ಲೂ ಹೊಸದಾಗಿ ಹೇಳಬೇಕಾಗುತ್ತದೆ. ಕೆಎಂಸಿ ಕಾಯ್ದೆಯಡಿ ಮೇಯರ್ ಅವಧಿ ಒಂದು ವರ್ಷ. ನ್ಯಾಯಾಲಯದ ಕ್ಯಾಲೆಂಡರಿನಲ್ಲಿ ಒಂದು ವರ್ಷವೆಂದರೆ ಎಷ್ಟು ಎಂಬುದು ನಿಮಗೆ ಗೊತ್ತೇ ಇದೆ.

ಸಂಗಾತಿಯ ಪ್ರಶ್ನೆ ನಮ್ಮ ರಾಜ್ಯದಲ್ಲಿ ಇನ್ನೊಂದು ದಿಕ್ಕಿನಿಂದಲೂ ಮುಖ್ಯವಾಗುತ್ತದೆ. ನಮ್ಮ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ಸದಸ್ಯೆಯ ಹೆಸರಿನಲ್ಲಿ ಪತಿಯೇ ವಾರ್ಡಿನ ಕಾಮಗಾರಿ ಪರಿಶೀಲಿಸುವುದು, ಎಂಜಿನಿಯರಿಗೆ ಫೋನು ಮಾಡುವುದು, ಕೆಲವೆಡೆ ಸಭೆಯ ಹಿಂದಿನ ಸಾಲಿನಲ್ಲಿ ಬಂದು ಕೂರುವುದೂ ಉಂಟು. ಆ ಪತಿ ವೃತ್ತಿಯಲ್ಲಿ ಗುತ್ತಿಗೆದಾರನಾಗಿದ್ದರೆ, ಇಂದಿನ ನಿಯಮ ಪ್ರಶ್ನಿಸುವುದು ಸದಸ್ಯೆಯನ್ನು. ಪ್ರಭಾವ ಬೀರಿದ ಕೈಗೆ ನಿಯಮದಲ್ಲಿ ಹೆಸರೇ ಇಲ್ಲ.

ಇದಕ್ಕಿಂತ ದೊಡ್ಡ ಬದಲಾವಣೆ ಆಗಿರುವುದು ಪಾಲಿಕೆಯ ವ್ಯವಹಾರದ ಸ್ವರೂಪದಲ್ಲೇ. 1976ರಲ್ಲಿ ಪಾಲಿಕೆಯೇ ಚರಂಡಿ ಕಟ್ಟಿಸುತ್ತಿತ್ತು, ಪಾಲಿಕೆಯೇ ಕಸ ಎತ್ತಿಸುತ್ತಿತ್ತು, ಪಾಲಿಕೆಯೇ ಗುತ್ತಿಗೆಗೆ ಸಹಿ ಹಾಕುತ್ತಿತ್ತು. ಈಗ ಬೆಂಗಳೂರನ್ನೇ ತೆಗೆದುಕೊಳ್ಳಿ. ಕಸದ ಕೆಲಸವನ್ನು 2021ರಲ್ಲಿ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ ಎಂಬ ಕಂಪನಿಗೆ ವಹಿಸುವ ವ್ಯವಸ್ಥೆಯಾಯಿತು. ಸ್ಮಾರ್ಟ್ ಸಿಟಿ ಯೋಜನೆ ಬಂದಾಗ ಅದಕ್ಕೆ ಆಯ್ಕೆಯಾದ ಪ್ರತಿ ನಗರಕ್ಕೂ, ಆ ಯೋಜನೆಗಾಗಿಯೇ ರಚಿಸಿದ ಒಂದೊಂದು ವಿಶೇಷ ಉದ್ದೇಶದ ಕಂಪನಿ ಬಂತು. ಸುರಂಗ ರಸ್ತೆಯಂಥ ದೊಡ್ಡ ಯೋಜನೆಗಳಿಗೆ ಬಿ-ಸ್ಮೈಲ್ ಎಂಬ ಮತ್ತೊಂದು ಕಂಪನಿ ಇದೆ. ಹಣ ಊರಿನದ್ದು, ರಸ್ತೆ ಊರಿನದ್ದು, ಗುತ್ತಿಗೆಯ ಕಾಗದದಲ್ಲಿ ಮಾತ್ರ ಪಾಲಿಕೆಯ ಹೆಸರಿಲ್ಲ. ಇಂಥ ಕಂಪನಿ ಮಾಡಿಕೊಂಡ ಗುತ್ತಿಗೆಯನ್ನು ಪಾಲಿಕೆಯ ಪರವಾಗಿ ಮಾಡಿಕೊಂಡ ಗುತ್ತಿಗೆ ಎನ್ನಬಹುದೇ? ವಕೀಲರು ಎರಡೂ ಕಡೆಯಿಂದ ವಾದಿಸಬಲ್ಲರು. ನಿಯಮವೊಂದರ ಮಟ್ಟಿಗೆ ಅದು ಶುಭ ಸೂಚನೆಯಲ್ಲ.

ಉಪಗುತ್ತಿಗೆಯ ವಿಷಯವೂ ಹೀಗೆಯೇ. ಸರ್ಕಾರಿ ಖರೀದಿಗೆ ಸಂಬಂಧಿಸಿದ 1999ರ ಪಾರದರ್ಶಕತೆ ಕಾಯ್ದೆ, ಅಂದರೆ ಕೆಟಿಪಿಪಿ ಕಾಯ್ದೆ, ಬಂದ ಮೇಲೆ ಟೆಂಡರ್ ಪದ್ಧತಿಗೆ ಒಂದು ಶಿಸ್ತು ಬಂದಿದೆ, ಅದನ್ನು ಅಲ್ಲಗಳೆಯಬಾರದು. ಆದರೆ ಅದೇ ಕಾಯ್ದೆಯ 4(ಜಿ) ಕಲಂನ ವಿನಾಯಿತಿಯ ಮೂಲಕ ಟೆಂಡರ್ ಇಲ್ಲದೆ ಸರ್ಕಾರಿ ಸಂಸ್ಥೆಯೊಂದಕ್ಕೆ ಕಾಮಗಾರಿ ವಹಿಸಿ, ಆ ಸಂಸ್ಥೆ ಸ್ಥಳೀಯವಾಗಿ ಬೇರೆಯವರಿಂದ ಕೆಲಸ ಮಾಡಿಸಿದರೆ, ಆ ಸ್ಥಳೀಯರು ಯಾರ ಬಾಮೈದ, ಯಾರ ಬೀಗರು ಎಂಬುದು ಪಾಲಿಕೆಯ ಯಾವ ಕಡತದಲ್ಲೂ ಕಾಣಿಸುವುದಿಲ್ಲ. ಇನ್ನು ಭೂಬಳಕೆ ಬದಲಾವಣೆ, ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು ಅಂದರೆ ಟಿಡಿಆರ್ (ರಸ್ತೆಯಂಥ ಕೆಲಸಕ್ಕೆ ಜಾಗ ಬಿಟ್ಟುಕೊಟ್ಟವರಿಗೆ ಪರಿಹಾರವಾಗಿ ಸಿಗುವ, ಬೇರೆಯವರಿಗೆ ಮಾರಬಹುದಾದ ಹೆಚ್ಚುವರಿ ಕಟ್ಟಡದ ಹಕ್ಕು), ಕಟ್ಟಡ ನಕ್ಷೆಯ ಮಂಜೂರಾತಿ, ಜಾಹೀರಾತು ಫಲಕದ ಪರವಾನಗಿ, ರಸ್ತೆಯೊಂದರ ಅಗಲೀಕರಣದ ರೇಖೆ ಇತ್ತ ಬದಲು ಅತ್ತ ಹೋಗುವುದು, ಇವುಗಳಲ್ಲಿ ಯಾವುದೂ ಗುತ್ತಿಗೆಯೇ ಅಲ್ಲ. ಇಂದಿನ ನಗರದಲ್ಲಿ ನಿಜವಾದ ಹಣವಿರುವುದು ಜಮೀನಿನ ಬೆಲೆಯನ್ನು ಬದಲಿಸುವ ಇಂಥ ತೀರ್ಮಾನಗಳಲ್ಲಿ. 1835ರ ಇಟ್ಟಿಗೆ ವ್ಯಾಪಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡ ವಾಕ್ಯಕ್ಕೆ ಅವು ಕಾಣುವುದಿಲ್ಲ.

ಆಸ್ತಿ ವಿವರ ಸಲ್ಲಿಸುತ್ತಾರಲ್ಲ, ಅದು ಸಾಲದೇ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಕೆಎಂಸಿ ಕಾಯ್ದೆಯ 19ನೇ ಕಲಂ ಪ್ರಕಾರ ಸದಸ್ಯರು ಪ್ರತಿವರ್ಷ ಆಸ್ತಿ ಘೋಷಣೆ ಮಾಡಬೇಕು ಎಂಬುದು ನಿಜ. ಅದರಿಂದ ಉಪಯೋಗವೂ ಇದೆ. ಆದರೆ ಆಸ್ತಿಯ ಪಟ್ಟಿ ಹೇಳುವುದು ಸದಸ್ಯರ ಬಳಿ ಏನಿದೆ ಎಂಬುದನ್ನು. ಅವರಿಗೆ ಯಾರ ಜೊತೆ ಏನು ಸಂಬಂಧ, ಯಾವ ಕಂಪನಿಯಲ್ಲಿ ಸಲಹೆಗಾರರು, ಯಾವ ಬಡಾವಣೆಯ ಮಾಲೀಕರೊಡನೆ ಜಂಟಿ ಅಭಿವೃದ್ಧಿ ಒಪ್ಪಂದ, ಅಣ್ಣನ ಜಲ್ಲಿ ಕ್ರಷರ್ ಯಾವ ಕಾಮಗಾರಿಗೆ ಜಲ್ಲಿ ಕೊಡುತ್ತಿದೆ ಎಂಬುದನ್ನು ಅದು ಹೇಳುವುದಿಲ್ಲ. ಆಸ್ತಿ ಘೋಷಣೆಯನ್ನು ವರ್ಷ ಕಳೆದ ಮೇಲೆ ಹೋಲಿಸಿ ನೋಡಬೇಕು. ಹಿತಾಸಕ್ತಿಯ ಘೋಷಣೆ ಬೇಕಾಗುವುದು ಕಡತ ಮೇಜಿನ ಮೇಲೆ ಬಂದ ದಿನವೇ.

ಹಾಗಾದರೆ ಈ ವಾಕ್ಯವನ್ನು ಹುಟ್ಟಿಸಿದ ದೇಶ ಅದನ್ನು ಏನು ಮಾಡಿತು ಎಂಬ ಕುತೂಹಲ ಸಹಜ. ಇಂಗ್ಲೆಂಡ್ 1933ರಲ್ಲೇ ಅದನ್ನು ಕೈಬಿಟ್ಟಿತು. ಗುತ್ತಿಗೆಯಲ್ಲಿ ಪಾಲಿದ್ದರೆ ಸ್ಥಾನವೇ ಹೋಗುತ್ತದೆ ಎಂಬ ನಿಯಮದ ಜಾಗದಲ್ಲಿ, ಪಾಲಿದ್ದರೆ ಸಭೆಯಲ್ಲಿ ಹೇಳು, ಚರ್ಚೆಯಲ್ಲೂ ಮತದಾನದಲ್ಲೂ ಭಾಗವಹಿಸಬೇಡ ಎಂಬ ನಿಯಮ ಬಂತು. 1972ರ ಕಾಯ್ದೆಯಲ್ಲಿ, ಜೊತೆಯಾಗಿ ಬಾಳುತ್ತಿರುವ ದಂಪತಿಗಳಲ್ಲಿ ಒಬ್ಬರ ಹಿತಾಸಕ್ತಿ ಇನ್ನೊಬ್ಬರಿಗೆ ತಿಳಿದಿದ್ದರೆ ಅದು ಇಬ್ಬರದ್ದೂ ಎಂದು ಸ್ಪಷ್ಟವಾಗಿ ಬರೆದರು. ಬೆಳಗಾವಿಯ ಪ್ರಶ್ನೆಗೆ ಅಲ್ಲಿ ಅರ್ಧ ಶತಮಾನದ ಹಿಂದೆಯೇ ಉತ್ತರ ಸಿಕ್ಕಿತ್ತು. ಆ ಹೊತ್ತಿಗೇ ಜಾನ್ ಪೌಲ್ಸನ್ ಎಂಬ ವಾಸ್ತುಶಿಲ್ಪಿ ಉತ್ತರ ಇಂಗ್ಲೆಂಡಿನ ಹಲವು ನಗರಗಳ ಪ್ರತಿನಿಧಿಗಳನ್ನೂ ಅಧಿಕಾರಿಗಳನ್ನೂ ಕೈಯೊಳಗಿಟ್ಟುಕೊಂಡು ಕಟ್ಟಡದ ಕೆಲಸ ಗಿಟ್ಟಿಸುತ್ತಿದ್ದುದು ಹೊರಬಿತ್ತು, 1974ರಲ್ಲಿ ಜೈಲು ಶಿಕ್ಷೆಗಳಾದವು, ನಿಯಮಗಳು ಮತ್ತೆ ಪರಿಶೀಲನೆಗೆ ಬಂದವು. 2000ದಲ್ಲಿ ನಡತೆ ಸಂಹಿತೆಯೂ ಅದರ ಮೇಲ್ವಿಚಾರಣೆಗೆ ರಾಷ್ಟ್ರೀಯ ಮಂಡಳಿಯೂ ಬಂದವು. 2011ರಲ್ಲಿ ಆ ಮಂಡಳಿಯನ್ನು ರದ್ದುಮಾಡಿ, ಹಣಕಾಸಿನ ಹಿತಾಸಕ್ತಿಯನ್ನು ಮುಚ್ಚಿಡುವುದನ್ನು ಅಪರಾಧವೆಂದು ಘೋಷಿಸಿದರು. ಈ ಕೊನೆಯ ಬದಲಾವಣೆ ಎಲ್ಲರಿಗೂ ಮೆಚ್ಚಿಗೆಯಾಗಲಿಲ್ಲ. ಸದಸ್ಯರನ್ನು ಅಮಾನತು ಮಾಡುವ ಅಧಿಕಾರವೇ ಕೌನ್ಸಿಲ್‌ಗಳ ಕೈತಪ್ಪಿದ್ದರಿಂದ, ಅದನ್ನು ಆರು ತಿಂಗಳ ಮಿತಿಯಲ್ಲಿ ಮರಳಿ ಕೊಡಬೇಕೆಂದು ಅಲ್ಲಿನ ಸಾರ್ವಜನಿಕ ಜೀವನದ ಮಾನದಂಡಗಳ ಸಮಿತಿ 2019ರಲ್ಲಿ ಶಿಫಾರಸು ಮಾಡಿತು. ಪರಿಷ್ಕರಣೆ ಎಂದರೆ ಪ್ರತಿ ಸಲವೂ ಸುಧಾರಣೆಯೇ ಆಗಿರುತ್ತದೆ ಎಂದು ನಾನು ಹೇಳುತ್ತಿಲ್ಲ. ಹಿಂದಿನ ಪರಿಷ್ಕರಣೆಯ ತಪ್ಪನ್ನು ಹಿಡಿಯುವುದೂ ಮುಂದಿನ ಪರಿಷ್ಕರಣೆಯೇ.

ಕೆನಡಾದ ಒಂಟಾರಿಯೊ ಪ್ರಾಂತ್ಯದ ಅನುಭವ ನಮಗೆ ಇನ್ನೂ ಹತ್ತಿರದ್ದು, ಏಕೆಂದರೆ ಅಲ್ಲಿಯೂ ಪಾಲಿಕೆಗೆ ತನ್ನ ನಿಯಮವನ್ನು ತಾನೇ ಬದಲಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ, ಪ್ರಾಂತ್ಯದ ಶಾಸನಸಭೆಯೇ ಮಾಡಬೇಕು. ಅಲ್ಲಿನ ಕಾಯ್ದೆ ಒಂದು ವಿಷಯದಲ್ಲಿ ನಮಗಿಂತ ಮುಂದಿತ್ತು: ತಂದೆತಾಯಿ, ಸಂಗಾತಿ, ಮಕ್ಕಳ ಹಿತಾಸಕ್ತಿಯನ್ನು ಸದಸ್ಯರ ಹಿತಾಸಕ್ತಿಯೆಂದೇ ಪರಿಗಣಿಸುತ್ತಿತ್ತು. ಆದರೆ ನಿಯಮ ಅನ್ವಯವಾಗುತ್ತಿದ್ದದ್ದು ಸಭೆಯಲ್ಲಿ ನಡೆಯುವ ಚರ್ಚೆ ಮತ್ತು ಮತದಾನಕ್ಕೆ. ಟೊರೊಂಟೊ ಪಕ್ಕದ ಮಿಸಿಸಾಗಾ ನಗರಕ್ಕೆ 1978ರಿಂದ 2014ರವರೆಗೆ ಹೇಜಲ್ ಮೆಕ್ಯಾಲಿಯನ್ ಮೇಯರ್ ಆಗಿದ್ದರು, ಜನಪ್ರಿಯರು, ದಕ್ಷರು. ನಗರದ ನಡುವೆ ಹೋಟೆಲು ಕಟ್ಟಲು ಹೊರಟಿದ್ದ ಕಂಪನಿಯಲ್ಲಿ ಅವರ ಮಗನ ಹಿತವಿತ್ತು. ಮೇಯರ್ ಕೌನ್ಸಿಲ್ ಸಭೆಯಲ್ಲಿ ತಮ್ಮ ಹಿತಾಸಕ್ತಿಯನ್ನು ಘೋಷಿಸಿ ದೂರ ಸರಿದದ್ದೂ ಉಂಟು. ಆದರೆ ಸಭೆಯ ಹೊರಗೆ, ಮಾತುಕತೆಗಳಲ್ಲಿ, ಆ ಯೋಜನೆಗೆ ಒತ್ತಾಸೆಯಾಗಿ ನಿಂತಿದ್ದರು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಡಗ್ಲಸ್ ಕನಿಂಗ್‌ಹ್ಯಾಮ್ 2011ರ ವರದಿಯಲ್ಲಿ ಅಲ್ಲಿ ಹಿತಾಸಕ್ತಿ ಸಂಘರ್ಷ ನಿಜವಾಗಿಯೂ ಇತ್ತೆಂದು ಹೇಳಿ, ಸಭಾಂಗಣದ ಬಾಗಿಲಲ್ಲೇ ನಿಂತುಬಿಡುವ ಕಾಯ್ದೆಯನ್ನು ತಿದ್ದಬೇಕೆಂದು ಸೂಚಿಸಿದರು.

ಅದರ ಮರುವರ್ಷವೇ ಟೊರೊಂಟೊದಲ್ಲಿ ಇನ್ನೊಂದು ದೋಷ ಬಯಲಾಯಿತು. ಮೇಯರ್ ರಾಬ್ ಫೋರ್ಡ್ ತಾವು ಕೌನ್ಸಿಲರ್ ಆಗಿದ್ದಾಗ ನಗರದ ಲೆಟರ್‌ಹೆಡ್ ಬಳಸಿ ತಮ್ಮ ಫುಟ್‌ಬಾಲ್ ಪ್ರತಿಷ್ಠಾನಕ್ಕೆ ದೇಣಿಗೆ ಕೇಳಿದ್ದರು. 3,150 ಡಾಲರ್ ಹಿಂದಿರುಗಿಸಬೇಕೆಂದು ಕೌನ್ಸಿಲ್ ಹೇಳಿತ್ತು. 2012ರ ಫೆಬ್ರವರಿಯಲ್ಲಿ ಆ ನಿರ್ಣಯವನ್ನೇ ರದ್ದುಮಾಡುವ ವಿಷಯ ಬಂದಾಗ ಅವರು ಮಾತನಾಡಿದರು, ಮತವನ್ನೂ ಹಾಕಿದರು. ತಪ್ಪು ಸಾಬೀತಾದರೆ ಸ್ಥಾನ ತೆರವು ಎಂಬುದು ಬಿಟ್ಟರೆ ನ್ಯಾಯಾಧೀಶರ ಮುಂದೆ ಹೆಚ್ಚಿನ ಆಯ್ಕೆಯೇ ಇರಲಿಲ್ಲ. ನವೆಂಬರ್‌ನಲ್ಲಿ ಮೇಯರ್ ಸ್ಥಾನ ಹೋಯಿತು. 2013ರ ಜನವರಿಯಲ್ಲಿ ಮೇಲ್ಮನವಿ ಪೀಠ, ಹಣ ಹಿಂದಿರುಗಿಸಲು ಆದೇಶಿಸುವ ಅಧಿಕಾರವೇ ಕೌನ್ಸಿಲ್‌ಗೆ ಇರಲಿಲ್ಲವೆಂದು ಹೇಳಿ ತೀರ್ಪನ್ನು ತಿರುಗಿಸಿತು. ಮೂರು ಸಾವಿರ ಡಾಲರಿನ ವಿಷಯಕ್ಕೆ ಇಪ್ಪತ್ತೈದು ಲಕ್ಷ ಜನರ ನಗರದ ಮೇಯರನ್ನು ಕೆಳಗಿಳಿಸುವುದು ಅಥವಾ ಸುಮ್ಮನೆ ಬಿಡುವುದು, ನಡುವೆ ಏನೂ ಇಲ್ಲ.

ಒಂಟಾರಿಯೊ ಈ ಎರಡನ್ನೂ ಸರಿಪಡಿಸಿತು. 2017ರಲ್ಲಿ ಅಂಗೀಕಾರವಾಗಿ 2019ರ ಮಾರ್ಚ್ 1ರಂದು ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಸಭೆಯ ಹೊರಗೆ ಅಧಿಕಾರಿಗಳ ಮೇಲೆ ಪ್ರಭಾವ ಬೀರುವುದೂ ಉಲ್ಲಂಘನೆಯೇ. ದಂಡನೆಯಲ್ಲಿ ಮೆಟ್ಟಿಲುಗಳಿವೆ: ವಾಗ್ದಂಡನೆಯಿಂದ ಶುರುವಾಗಿ, 90 ದಿನಗಳವರೆಗಿನ ಸಂಭಾವನೆ ತಡೆಹಿಡಿಯುವುದರ ಮೂಲಕ, ಸ್ಥಾನ ತೆರವಿನವರೆಗೆ. ಘೋಷಿಸಿದ ಹಿತಾಸಕ್ತಿಗಳ ಸಾರ್ವಜನಿಕ ನೋಂದಣಿ ಪುಸ್ತಕವನ್ನು ಪ್ರತಿ ಪಾಲಿಕೆಯೂ ಇಡಬೇಕು. ಸದಸ್ಯರಿಗೆ ಮುಂಚಿತವಾಗಿ ಸಲಹೆ ಕೊಡುವ, ದೂರು ಬಂದರೆ ವಿಚಾರಿಸುವ ಇಂಟೆಗ್ರಿಟಿ ಕಮಿಷನರ್ ಸೇವೆ ಪ್ರತಿ ಪಾಲಿಕೆಗೂ ಇರಬೇಕು. ಕನಿಂಗ್‌ಹ್ಯಾಮ್ ವರದಿಯಿಂದ ಜಾರಿಯವರೆಗೆ ಎಂಟು ವರ್ಷ ಹಿಡಿಯಿತು ಎಂಬುದನ್ನೂ ಹೇಳಬೇಕು. ಹಗರಣದ ಬಿಸಿಯಲ್ಲಿ ಶುರುವಾದ ಕೆಲಸಕ್ಕೂ ಅಷ್ಟು ಕಾಲ ಬೇಕಾದರೆ, ಹಗರಣವಿಲ್ಲದ ಕಾಲದಲ್ಲಿ ಯಾರು ಈ ಕೆಲಸಕ್ಕೆ ಕೈಹಾಕುತ್ತಾರೆ?

ನನ್ನ ಮಾತಿನ ಮುಖ್ಯ ಭಾಗ ಇಲ್ಲಿದೆ. ನಮ್ಮಲ್ಲಿ ಸುಧಾರಣೆಯ ಚರ್ಚೆ ಯಾವಾಗಲೂ ಯಾವ ನಿಯಮ ಬೇಕು ಎಂಬುದರ ಸುತ್ತ ನಡೆಯುತ್ತದೆ. ಆ ನಿಯಮವನ್ನು ಮುಂದೆ ಯಾರು, ಯಾವಾಗ ತೆರೆದು ನೋಡಬೇಕು ಎಂಬುದನ್ನು ಕೇಳುವವರು ಕಡಿಮೆ. ನ್ಯೂಯಾರ್ಕ್ ನಗರ ಅದನ್ನು ಕೇಳಿಕೊಂಡಿತು. 1986ರಲ್ಲಿ ಅಲ್ಲಿ ವಾಹನ ನಿಲುಗಡೆ ದಂಡ ವಸೂಲಿಯ ಗುತ್ತಿಗೆಗಳ ದೊಡ್ಡ ಹಗರಣವೊಂದು ನಡೆದು, ಅದರ ಬೆನ್ನಿಗೆ 1988ರಲ್ಲಿ ಮತದಾರರು ನಗರದ ಸನ್ನದಿಗೆ, ಅಂದರೆ ನಗರಾಡಳಿತದ ಮೂಲ ಕಾನೂನಿಗೆ, ಹೊಸ ಅಧ್ಯಾಯವನ್ನು ಒಪ್ಪಿದರು. ಸನ್ನದಿನ 68ನೇ ಅಧ್ಯಾಯವೆಂದು ಅದು ಪ್ರಸಿದ್ಧ. ಐದು ಜನರ ಹಿತಾಸಕ್ತಿ ಸಂಘರ್ಷ ಮಂಡಳಿಯೊಂದನ್ನು ಅದು ಸ್ಥಾಪಿಸಿತು. ಮಂಡಳಿ ಸಲಹೆ ಕೊಡುತ್ತದೆ, ತರಬೇತಿ ಕೊಡುತ್ತದೆ, ದಂಡ ಹಾಕುತ್ತದೆ. ಇಷ್ಟು ಬೇರೆ ಕಡೆಯೂ ಸಿಗುತ್ತದೆ. ಅಪರೂಪವಾದದ್ದು ಅದೇ ಅಧ್ಯಾಯದಲ್ಲಿರುವ ಇನ್ನೆರಡು ಸಾಲುಗಳು. ಮಂಡಳಿಯು ಈ ಅಧ್ಯಾಯವನ್ನು ಕನಿಷ್ಠ ಐದು ವರ್ಷಕ್ಕೊಮ್ಮೆ ಪರಿಶೀಲಿಸಿ, ಬೇಕೆನಿಸಿದ ಬದಲಾವಣೆಗಳನ್ನು ಸಿಟಿ ಕೌನ್ಸಿಲ್‌ಗೆ ಶಿಫಾರಸು ಮಾಡಬೇಕು ಎಂಬುದು ಒಂದು. ಸಂಸ್ಥೆಯೊಂದರಲ್ಲಿ ಎಷ್ಟು ಪಾಲಿದ್ದರೆ ಅದು ಹಿತಾಸಕ್ತಿ ಎನಿಸುತ್ತದೆ ಎಂಬುದಕ್ಕೆ ಮೊದಲು 25,000 ಡಾಲರ್ ಎಂದು ಬರೆದಿದ್ದ ಹಣದ ಮಿತಿಯನ್ನು, ನಾಲ್ಕು ವರ್ಷಕ್ಕೊಮ್ಮೆ ಗ್ರಾಹಕ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಹೊಂದಿಸಬೇಕು ಎಂಬುದು ಮತ್ತೊಂದು.

ಎರಡನೆಯ ಸಾಲು ಸಣ್ಣದೆನಿಸಬಹುದು. ಆದರೆ ಕಾನೂನಿನಲ್ಲಿ ಬರೆದಿಟ್ಟ ಹಣದ ಮಿತಿ ಬೆಲೆಯೇರಿಕೆಯ ಮುಂದೆ ಪ್ರತಿವರ್ಷ ತಾನಾಗಿ ಬಿಗಿಯಾಗುತ್ತಾ ಹೋಗಿ, ಕೊನೆಗೆ ಹಾಸ್ಯಾಸ್ಪದವೆನಿಸುವಷ್ಟು ಕಿರಿದಾಗುತ್ತದೆ. ಆಗ ಎಲ್ಲರೂ ಅದನ್ನು ಮೀರುತ್ತಾರೆ, ಯಾರ ಮೇಲೂ ಕ್ರಮವಾಗುವುದಿಲ್ಲ, ಬೇಡದ ಒಬ್ಬರ ಮೇಲೆ ಬೇಕಾದಾಗ ಪ್ರಯೋಗಿಸಲು ಮಾತ್ರ ಅದು ಉಳಿದಿರುತ್ತದೆ. ಹಳೆಯ ನಿಯಮದ ಅಪಾಯ ಅದು ಸಡಿಲವಾಗಿರುವುದರಲ್ಲಿ ಮಾತ್ರವಿಲ್ಲ, ಆಯ್ದು ಹೊಡೆಯಲು ಒದಗುವುದರಲ್ಲೂ ಇದೆ.

ನ್ಯೂಯಾರ್ಕಿನಲ್ಲಿ ಮಂಡಳಿಯ ಶಿಫಾರಸುಗಳೆಲ್ಲ ಕಾನೂನಾದವು ಎಂದೇನಿಲ್ಲ. ಆದರೂ ವಿಷಯ ನಿದ್ದೆ ಹೋಗಲಿಲ್ಲ. 2010ರ ಜನಮತದಲ್ಲಿ ಗರಿಷ್ಠ ದಂಡ 10,000ದಿಂದ 25,000 ಡಾಲರಿಗೆ ಏರಿತು, ನಗರದ ನೌಕರರಿಗೂ ಪ್ರತಿನಿಧಿಗಳಿಗೂ ತರಬೇತಿ ಕಡ್ಡಾಯವಾಯಿತು. 2019ರ ಜನಮತದಲ್ಲಿ ಮಂಡಳಿಯ ನೇಮಕಾತಿಯೇ ಬದಲಾಯಿತು: ಅಲ್ಲಿಯವರೆಗೆ ಐವರನ್ನೂ ಮೇಯರೇ ನೇಮಿಸುತ್ತಿದ್ದರು, ಈಗ ನಗರದ ಹಣಕಾಸು ನೋಡುವ ಚುನಾಯಿತ ಲೆಕ್ಕನಿಯಂತ್ರಕರಿಗೆ ಒಬ್ಬರನ್ನು, ಜನರ ದೂರುಗಳ ಪರ ನಿಲ್ಲುವ ಚುನಾಯಿತ ಸಾರ್ವಜನಿಕ ವಕಾಲತ್ತು ಅಧಿಕಾರಿಗೆ ಒಬ್ಬರನ್ನು ನೇಮಿಸುವ ಅಧಿಕಾರ ಸಿಕ್ಕಿದೆ. ಕಾವಲುಗಾರನನ್ನು ನೇಮಿಸುವವರು ಯಾರು ಎಂಬ ಪ್ರಶ್ನೆಗೆ ಮೂವತ್ತು ವರ್ಷದ ಬಳಿಕ ಉತ್ತರ ಬದಲಾಯಿತು.

ಕರ್ನಾಟಕಕ್ಕೆ ಮರಳೋಣ. ನಮ್ಮಲ್ಲಿ ಯಾವುದನ್ನೂ ಪರಿಷ್ಕರಿಸುವುದಿಲ್ಲ ಎಂಬ ಮಾತು ಸರಿಯಲ್ಲ. ರಾಜ್ಯ ಸರ್ಕಾರಿ ನೌಕರರ 1966ರ ನಡತೆ ನಿಯಮಗಳ ಜಾಗದಲ್ಲಿ 2021ರಲ್ಲಿ ಹೊಸ ನಿಯಮಗಳು ಬಂದಿವೆ. ಐವತ್ತೈದು ವರ್ಷ ತಡವಾದರೂ ಬಂದವಲ್ಲ. ಪಾಲಿಕೆಯ ಅಧಿಕಾರಿಗಳ ಪಾಲಿಗೆ ಕಾಲ ಅಷ್ಟು ಸರಿದಿದೆ, ಅದೇ ಮೇಜಿನ ಎದುರು ಕೂರುವ ಚುನಾಯಿತ ಸದಸ್ಯರ ಪಾಲಿಗೆ ಸರಿದಿಲ್ಲ. ಎಂ. ವೀರಪ್ಪ ಮೊಯಿಲಿ ಅವರ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ 2007ರಲ್ಲೇ ಸಾರ್ವಜನಿಕ ಜೀವನದ ನೈತಿಕತೆಯ ಬಗ್ಗೆ ವಿವರವಾದ ವರದಿ ಕೊಟ್ಟು, ಸ್ಥಳೀಯ ಸಂಸ್ಥೆಗಳಿಗೆ ಜನರ ದೂರು ವಿಚಾರಿಸುವ ಸ್ವತಂತ್ರ ಅಧಿಕಾರಿ, ಅಂದರೆ ಓಂಬುಡ್ಸ್‌ಮನ್ ಇರಬೇಕೆಂದು ಹೇಳಿತ್ತು. ಕೇರಳದಲ್ಲಿ ಅಂಥ ಓಂಬುಡ್ಸ್‌ಮನ್ 2000ದಿಂದಲೇ ಕೆಲಸ ಮಾಡುತ್ತಿದ್ದಾರೆ.

ಬೆಂಗಳೂರಿನ ಸ್ಥಿತಿ ಇನ್ನೂ ವಿಚಿತ್ರ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಚುನಾಯಿತ ಪರಿಷತ್ತಿನ ಅವಧಿ ಮುಗಿದ ಬಳಿಕ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಊರನ್ನು ನಡೆಸಿದರು. 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಜಾರಿಗೆ ಬಂದು, ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳು ಹುಟ್ಟಿದವು. ಅವುಗಳ ಮೇಲಿನ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು, ನಗರದ ಶಾಸಕರೂ ಸಂಸದರೂ ಸದಸ್ಯರು. ಅಂದರೆ ಬಡಾವಣೆಯೊಂದರ ಬೆಲೆಯನ್ನು ಬದಲಿಸಬಲ್ಲ ದೊಡ್ಡ ತೀರ್ಮಾನಗಳನ್ನು ಮಾಡುವವರು ಈಗ ಕಾರ್ಪೊರೇಟರುಗಳಿಗಿಂತ ಮೇಲಿನ ಮಟ್ಟದಲ್ಲಿದ್ದಾರೆ. ಹಳೆಯ ಕಲಂ ಬರೆದವರ ಕಣ್ಣಮುಂದೆ ಇದ್ದದ್ದು ವಾರ್ಡಿನ ಸದಸ್ಯ. ಆ ಸದಸ್ಯನ ಮಳಿಗೆಯ ಬಗ್ಗೆ ಬಿಗಿಯಾಗಿದ್ದು, ಪ್ರಾಧಿಕಾರದ ಸಭೆಯಲ್ಲಿ ಕೂರುವವರ ಜಮೀನಿನ ಬಗ್ಗೆ ಮೌನವಾಗಿರುವ ವ್ಯವಸ್ಥೆಯನ್ನು ಯಾವ ವಾರ್ಡಿನ ಸದಸ್ಯರೂ ನ್ಯಾಯವೆಂದು ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ.

ಸಂವಿಧಾನದ 243ವಿ ವಿಧಿಯ ಪ್ರಕಾರ ಪಾಲಿಕೆ ಸದಸ್ಯರ ಅನರ್ಹತೆಯನ್ನು ಗೊತ್ತುಪಡಿಸುವುದು ರಾಜ್ಯ ಶಾಸಕಾಂಗದ ಕಾನೂನು. ಆದ್ದರಿಂದ ನ್ಯೂಯಾರ್ಕಿನಂತೆ ನಗರದ ಮತದಾರರನ್ನು ಕೇಳಿ ಬದಲಿಸುವ ದಾರಿ ನಮಗಿಲ್ಲ. ಆದರೆ ಐದು ವರ್ಷಕ್ಕೊಮ್ಮೆ ಬಾರಿಸುವ ಗಂಟೆಯೊಂದು ನಮ್ಮ ಸಂವಿಧಾನದಲ್ಲೇ ಇದೆ. 243ವೈ ವಿಧಿಯ ಪ್ರಕಾರ, ಐದು ವರ್ಷಕ್ಕೊಮ್ಮೆ ರಚನೆಯಾಗಬೇಕಾದ ರಾಜ್ಯ ಹಣಕಾಸು ಆಯೋಗ ನಗರಸಭೆ, ಪಾಲಿಕೆಗಳ ಹಣಕಾಸನ್ನು ಪರಿಶೀಲಿಸಬೇಕು, ಆಯೋಗದ ಶಿಫಾರಸುಗಳನ್ನೂ ಅವುಗಳ ಮೇಲೆ ಸರ್ಕಾರ ಏನು ಮಾಡಿತೆಂಬ ವಿವರಣೆಯನ್ನೂ ಶಾಸಕಾಂಗದ ಮುಂದಿಡಬೇಕು. ಕರ್ನಾಟಕದ ಐದನೇ ಹಣಕಾಸು ಆಯೋಗ 2023ರಲ್ಲಿ ರಚನೆಯಾಯಿತು. ಹಿತಾಸಕ್ತಿ ನಿಯಮಗಳ ಪರಿಶೀಲನೆಯನ್ನು ಇದೇ ಸುತ್ತಿಗೆ ಜೋಡಿಸಬೇಕೆಂಬುದು ನನ್ನ ಸಲಹೆ. ಆಯೋಗವೇ ಅದನ್ನು ಮಾಡಬೇಕೆಂದಲ್ಲ, ಅದು ಹಣಕಾಸಿನ ತಜ್ಞರ ಕೆಲಸವಲ್ಲ. ಆಯೋಗ ರಚನೆಯಾದ ವರ್ಷವೇ ನಿವೃತ್ತ ನ್ಯಾಯಾಧೀಶರೊಬ್ಬರು, ಪಾಲಿಕೆಯ ಲೆಕ್ಕಪತ್ರ ಬಲ್ಲ ಒಬ್ಬರು, ಮಾಜಿ ಮೇಯರ್ ಒಬ್ಬರು ಇರುವ ಸಣ್ಣ ಸಮಿತಿ ರಚನೆಯಾಗಬೇಕೆಂದೂ, ಅದರ ವರದಿಯನ್ನು ಸರ್ಕಾರ ತನ್ನ ನಿಲುವಿನೊಂದಿಗೆ ಆರು ತಿಂಗಳಲ್ಲಿ ಸದನದಲ್ಲಿ ಮಂಡಿಸಬೇಕೆಂದೂ ಕೆಎಂಸಿ ಕಾಯ್ದೆಗೂ ಗ್ರೇಟರ್ ಬೆಂಗಳೂರು ಕಾಯ್ದೆಗೂ ಒಂದೊಂದು ಕಲಂ ಸೇರಿಸಿದರೆ ಸಾಕು. ಹಣಕಾಸು ಆಯೋಗಗಳ ಶಿಫಾರಸುಗಳೇ ಕಪಾಟಿನಲ್ಲಿ ಕೂತಿಲ್ಲವೇ ಎಂದು ನೀವು ಕೇಳಬಹುದು. ಕೂತಿವೆ. ಆದರೆ ಕಪಾಟಿನಲ್ಲಿರುವ ವರದಿಯನ್ನು ಶಾಸಕರೊಬ್ಬರು ಎತ್ತಿಕೊಂಡು ಪ್ರಶ್ನೆ ಕೇಳಬಹುದು, ಬರೆಯದೇ ಇರುವ ವರದಿಯನ್ನು ಕೇಳಲಾಗದು.

ಸಮಿತಿಯ ಮುಂದೆ ಮೊದಲು ಬರಬೇಕಾದದ್ದು ಕುಟುಂಬದ ವ್ಯಾಖ್ಯೆ. ಇಲ್ಲಿ ಎಚ್ಚರಿಕೆ ಬೇಕು. ನಮ್ಮ ಬಂಧುಬಳಗ ದೊಡ್ಡದು, ಸಣ್ಣ ನಗರಗಳಲ್ಲಿ ವಾರ್ಡಿನ ಅರ್ಧ ಜನ ಒಂದಲ್ಲ ಒಂದು ರೀತಿಯಲ್ಲಿ ನೆಂಟರೇ. ಎಲ್ಲರನ್ನೂ ಸೇರಿಸಿದರೆ ಅಂಗಡಿ ನಡೆಸುವ, ಗ್ಯಾರೇಜು ನಡೆಸುವ, ಸಣ್ಣ ಗುತ್ತಿಗೆ ಮಾಡುವ ಮನೆತನದವರು ಯಾರೂ ಚುನಾವಣೆಗೆ ನಿಲ್ಲದಂತಾಗಿ, ಪಾಲಿಕೆ ಕೇವಲ ಬಾಡಿಗೆ ವರಮಾನದವರ ಸಭೆಯಾಗಿಬಿಡುತ್ತದೆ. ಸಂಗಾತಿ, ಅವಲಂಬಿತ ಮಕ್ಕಳು, ಒಂದೇ ಮನೆಯಲ್ಲಿರುವ ತಂದೆತಾಯಿ, ಇವರ ಹಿತಾಸಕ್ತಿ ಸದಸ್ಯರದ್ದೇ ಎಂದು ಭಾವಿಸಬೇಕು. ಅಣ್ಣತಮ್ಮಂದಿರು, ಅಕ್ಕತಂಗಿಯರು, ಸಂಗಾತಿಯ ಒಡಹುಟ್ಟಿದವರ ವಿಷಯದಲ್ಲಿ ಸದಸ್ಯರಿಗೆ ತಿಳಿದಿದ್ದರೆ ಘೋಷಿಸುವ, ಆ ಕಡತದಿಂದ ಹಿಂದೆ ಸರಿಯುವ ಹೊಣೆ ಇದ್ದರೆ ಸಾಕು, ಸ್ಥಾನ ಹೋಗಬೇಕಿಲ್ಲ. ಗುತ್ತಿಗೆ ಎಂಬ ಪದದ ಜೊತೆಗೆ ಪರವಾನಗಿ, ಹಂಚಿಕೆ, ಭೂಬಳಕೆ, ಅಭಿವೃದ್ಧಿ ಹಕ್ಕುಗಳೂ, ಪಾಲಿಕೆಯ ಜೊತೆಗೆ ಅದರ ಹಣ ಅಥವಾ ಆಸ್ತಿಯಿಂದ ನಡೆಯುವ ಕಂಪನಿಗಳೂ ಸೇರಬೇಕು. ದಂಡನೆಗೆ ಒಂಟಾರಿಯೊ ರೀತಿಯ ಮೆಟ್ಟಿಲುಗಳು ಬೇಕು, ಏಕೆಂದರೆ ಅನರ್ಹತೆಯೊಂದೇ ಆಯುಧವಾದರೆ ಅದನ್ನು ಬಳಸಲು ಅಧಿಕಾರಿ ಹಿಂಜರಿಯುತ್ತಾರೆ, ಬಳಸಿದರೆ ನ್ಯಾಯಾಲಯ ತಡೆಯುತ್ತದೆ.

ದಂಡನೆಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಮುಂಚಿತ ಸಲಹೆ ಎಂದು ನನ್ನ ಅನಿಸಿಕೆ. ಮೊದಲ ಸಲ ಗೆದ್ದು ಬಂದ ಸದಸ್ಯೆಯೊಬ್ಬರಿಗೆ ತಮ್ಮ ಮಾವನ ಕಟ್ಟಡವನ್ನು ಪಾಲಿಕೆಯ ಕಚೇರಿಯೊಂದಕ್ಕೆ ಬಾಡಿಗೆಗೆ ಕೊಡಬಹುದೇ ಎಂಬ ಸಂಶಯ ಬಂದರೆ, ಇಂದು ಅವರು ಕೇಳುವುದು ಪಕ್ಷದ ಹಿರಿಯರನ್ನು ಅಥವಾ ಪರಿಷತ್ ಕಾರ್ಯದರ್ಶಿಯನ್ನು. ಕಾರ್ಯದರ್ಶಿಯ ಬಾಯಿಮಾತಿನ ಉತ್ತರ ನಾಳೆ ಯಾವ ವಿಚಾರಣೆಯಲ್ಲೂ ಅವರನ್ನು ಕಾಪಾಡದು. ಲಿಖಿತವಾಗಿ ಕೇಳಿದ ಪ್ರಶ್ನೆಗೆ ಹದಿನೈದು ದಿನದಲ್ಲಿ ಲಿಖಿತ ಉತ್ತರ, ಆ ಉತ್ತರದಂತೆ ನಡೆದವರಿಗೆ ರಕ್ಷಣೆ, ಹೆಸರು ತೆಗೆದು ಉತ್ತರಗಳನ್ನು ಕನ್ನಡದಲ್ಲಿ ಪ್ರಕಟಿಸುವ ಪದ್ಧತಿ, ಇಷ್ಟಿದ್ದರೆ ಮುಂದಿನ ಪರಿಶೀಲನಾ ಸಮಿತಿಗೆ ಬೇಕಾದ ಸಾಮಗ್ರಿಯೂ ತಾನಾಗಿ ಕೂಡಿಬರುತ್ತದೆ. ಐದು ವರ್ಷಗಳಲ್ಲಿ ಸದಸ್ಯರು ಏನೇನು ಕೇಳಿದರೋ ಅದೇ ನಿಯಮ ಎಲ್ಲೆಲ್ಲಿ ಅಸ್ಪಷ್ಟವಾಗಿದೆ ಎಂಬುದರ ಪಟ್ಟಿ.

ಕೊನೆಯ ಪ್ರಶ್ನೆ ಹಾಲಿ ಸದಸ್ಯರನ್ನು ಕುರಿತದ್ದಾಗಿತ್ತು: ನಿಯಮ ಬದಲಾದ ಮರುದಿನವೇ, ಹಿಂದೆ ಸಕ್ರಮವಾಗಿ ಪಡೆದ ಮಳಿಗೆಗಾಗಿ ಸ್ಥಾನ ಕಳೆದುಕೊಳ್ಳಬೇಕೇ? ಬೇಡ. ಹೊಸ ವ್ಯಾಖ್ಯೆಗಳು ಮುಂದಿನ ಚುನಾವಣೆಯಿಂದ ಅನರ್ಹತೆಗೆ ಅನ್ವಯವಾಗಲಿ. ಹಾಲಿ ಸದಸ್ಯರು ಮೂರು ತಿಂಗಳಲ್ಲಿ ತಮ್ಮ ಮತ್ತು ಕುಟುಂಬದ ಎಲ್ಲ ಹಿತಾಸಕ್ತಿಗಳನ್ನು ನೋಂದಣಿ ಪುಸ್ತಕದಲ್ಲಿ ಬರೆಸಲಿ, ಚಾಲ್ತಿಯಲ್ಲಿರುವ ಗುತ್ತಿಗೆ, ಬಾಡಿಗೆಗಳು ಅವಧಿ ಮುಗಿಯುವವರೆಗೆ ಮುಂದುವರಿಯಲಿ, ನವೀಕರಣ ಮಾತ್ರ ಆಗದಿರಲಿ, ಅವುಗಳಿಗೆ ಸಂಬಂಧಿಸಿದ ಯಾವ ಸ್ಥಾಯಿ ಸಮಿತಿಯ ಸಭೆಯಲ್ಲೂ ಅವರು ಕೂರದಿರಲಿ. ಬರೆಸದೆ ಬಿಟ್ಟದ್ದು ಆಮೇಲೆ ಪತ್ತೆಯಾದರೆ ಈ ರಿಯಾಯಿತಿ ಆ ಕ್ಷಣದಿಂದ ಇಲ್ಲ.